ಕೌಂಟರಿನಲ್ಲಿ ಹೆಂಗಸರು, ಎಂ.ಡಿ. ಕ್ಯಾಬಿನ್ನಿನಲ್ಲಿ ಗಂಡಸರು: ನಡುವೆ ಎಲ್ಲಿ ಕಳೆದುಹೋಗುತ್ತಿದ್ದೇವೆ?

ಸ್ಕೇಲ್ ಮೂರು ಬರೆದದ್ದು:

2025ರ ಜೂನಿನಲ್ಲಿ ಯೂನಿಯನ್ ಬ್ಯಾಂಕಿನ ಎ. ಮಣಿಮೇಖಲೈ ಅವರ ಅವಧಿ ಮುಗಿಯಿತು. 12 ಸರ್ಕಾರಿ ಬ್ಯಾಂಕುಗಳಲ್ಲಿ ಆಗ ಇದ್ದ ಒಬ್ಬರೇ ಮಹಿಳಾ ಎಂ.ಡಿ. (ಮ್ಯಾನೇಜಿಂಗ್ ಡೈರೆಕ್ಟರ್, ಅಂದರೆ ಬ್ಯಾಂಕಿನ ಮುಖ್ಯಸ್ಥೆ) ಅವರು. ಪೇಪರಿನಲ್ಲಿ ಮೂಲೆಯಲ್ಲಿ ಒಂದು ಸುದ್ದಿ ಬಂತು, ಅಷ್ಟೇ.

ಈಗ 2013ರ ಕೊನೆಗೆ ಹೋಗಿ ನೋಡಿ. ಎಸ್‌ಬಿಐಗೆ ಅರುಂಧತಿ ಭಟ್ಟಾಚಾರ್ಯ, ಐಸಿಐಸಿಐಗೆ ಚಂದಾ ಕೊಚ್ಚರ್, ಆಕ್ಸಿಸ್‌ಗೆ ಶಿಖಾ ಶರ್ಮಾ, ಬ್ಯಾಂಕ್ ಆಫ್ ಇಂಡಿಯಾಗೆ ವಿಜಯಲಕ್ಷ್ಮಿ ಅಯ್ಯರ್, ಅಲಹಾಬಾದ್ ಬ್ಯಾಂಕಿಗೆ ಶುಭಲಕ್ಷ್ಮಿ ಪಾನ್ಸೆ, ಯುನೈಟೆಡ್ ಬ್ಯಾಂಕಿಗೆ ಅರ್ಚನಾ ಭಾರ್ಗವ, ಹೊಸದಾಗಿ ಶುರುವಾದ ಭಾರತೀಯ ಮಹಿಳಾ ಬ್ಯಾಂಕಿಗೆ ಉಷಾ ಅನಂತಸುಬ್ರಮಣಿಯನ್, ಎಚ್‌ಎಸ್‌ಬಿಸಿ ಇಂಡಿಯಾಗೆ ನೈನಾ ಲಾಲ್ ಕಿದ್ವಾಯಿ. ಎಲ್ಲರೂ ಒಂದೇ ಸಮಯದಲ್ಲಿ! ಆಗ ನಾನು ಹೊಸದಾಗಿ ಸೇರಿದ್ದ ಆಫೀಸರ್. ಟ್ರೈನಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು "ಇನ್ನು ನಿಮ್ಮದೇ ಕಾಲ ಕಣ್ರಮ್ಮ" ಎನ್ನುತ್ತಿದ್ದರು. ನಾವೂ ನಂಬಿದ್ದೆವು.

ಈಗ ನಮ್ಮಲ್ಲಿ ಪ್ರೊಮೋಷನ್ ಸರ್ಕ್ಯುಲರ್ ಬಂದಿದೆ, ಸ್ಕೇಲ್ 3ರಿಂದ 4ಕ್ಕೆ. ಅಂದರೆ ಸೀನಿಯರ್ ಮ್ಯಾನೇಜರಿಂದ ಚೀಫ್ ಮ್ಯಾನೇಜರ್. ಪ್ರೊಮೋಷನ್ ಆದರೆ ಬೇರೆ ಊರಿಗೋ ಬೇರೆ ರಾಜ್ಯಕ್ಕೋ ವರ್ಗ ಆಗಬಹುದು. ರೀಜನಲ್ ಆಫೀಸಿನಲ್ಲಿ ಅರ್ಹತೆ ಇರುವ ಹೆಂಗಸರಿಗೆ ಬರ ಇಲ್ಲ. ಊಟದ ಹೊತ್ತಿನಲ್ಲಿ ಕೇಳಿದರೆ "ನಾನು ಈ ಸಲ ಕೂರಲ್ಲ ಮಾರಾಯ್ತಿ, ಮಗಳು ಟೆಂತ್", "ನನಗೆ ಬೇಡಪ್ಪ, ಅತ್ತೆಗೆ ಡಯಾಲಿಸಿಸ್ ನಡೀತಿದೆ". ಪಕ್ಕದ ಟೇಬಲ್ಲಿನ ಗಂಡಸರ ಮಕ್ಕಳೂ ಟೆಂತೇ. ಅವರು ಆಗಲೇ ಸಾಲದ ಪಾಲಿಸಿಯ ಪಿಡಿಎಫ್ ಹಂಚಿಕೊಂಡು ಓದಲು ಕೂತಿದ್ದಾರೆ.

ನನ್ನ ಅನುಮಾನ ಇದು. ಈ ಅಂತರ ಮೇಲೆಲ್ಲೋ ಎಂ.ಡಿ. ಇಂಟರ್‌ವ್ಯೂ ರೂಮಿನಲ್ಲಿ ಹುಟ್ಟುವುದಲ್ಲ. ಇಲ್ಲಿ, ನಮ್ಮ ಊಟದ ರೂಮಿನಲ್ಲಿ, 36-40 ವಯಸ್ಸಿನಲ್ಲಿ ಹುಟ್ಟುತ್ತದೆ. ಬ್ಯಾಂಕಿನಲ್ಲಿ ಇರುವವರು, ಇದ್ದವರು, ಬ್ಯಾಂಕಿನವರನ್ನು ಕಟ್ಟಿಕೊಂಡವರು ಎಲ್ಲರೂ ಹೇಳಿ.

---

ಹಳೇ ಲೆಡ್ಜರ್:

ನಾನು ರಿಟೈರ್ಡ್. 2013ರ ಆ ಗುಂಪು ಆಕಾಶದಿಂದ ಇಳಿದು ಬಂದದ್ದಲ್ಲ. 1969ರಲ್ಲಿ 14 ಬ್ಯಾಂಕು, 1980ರಲ್ಲಿ ಇನ್ನೂ 6 ರಾಷ್ಟ್ರೀಕರಣ ಆದವು. ಶಾಖೆಗಳು ಹಳ್ಳಿಹಳ್ಳಿಗೆ ಹೋದವು, ಜನ ಬೇಕಾದರು, ಪರೀಕ್ಷೆ ಬರೆದು ಪಾಸಾದರೆ ಕೆಲಸ. ಅಲ್ಲಿ "ನೀನು ಯಾರ ಮಗಳು" ಎಂದು ಕೇಳುವವರಿಲ್ಲ. ಅರುಂಧತಿ 1977ರಲ್ಲಿ ಪ್ರೊಬೇಷನರಿ ಆಫೀಸರ್ ಆಗಿ ಸೇರಿದವರು. ಚೇರ್ಮನ್ ಆಗಿದ್ದು 2013ರಲ್ಲಿ. 36 ವರ್ಷ ಸ್ವಾಮಿ! ಹಾಗಾಗಿ ಇವತ್ತು ಮೇಲೆ ಯಾರಿದ್ದಾರೆ ಎನ್ನುವುದು ಇವತ್ತಿನ ಬ್ಯಾಂಕಿನ ಲೆಕ್ಕ ಅಲ್ಲ, 80-90ರ ದಶಕದಲ್ಲಿ ಯಾರು ಸೇರಿದರು, ಅವರಲ್ಲಿ ಯಾರು ಉಳಿದರು ಎಂಬುದರ ಲೆಕ್ಕ.

ಇನ್ನೊಂದು. ನಮ್ಮ ಕರಾವಳಿ ಬ್ಯಾಂಕುಗಳನ್ನು ಮರೆಯಬೇಡಿ. ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಿಂಡಿಕೇಟ್ ಬ್ಯಾಂಕ್ ಬರೀ ಹೆಂಗಸರೇ ನಡೆಸುವ ಶಾಖೆ ತೆರೆದದ್ದು 1962ರಲ್ಲಿ. ಭಾರತೀಯ ಮಹಿಳಾ ಬ್ಯಾಂಕಿಗಿಂತ ಅರ್ಧ ಶತಮಾನ ಮೊದಲು. ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅದಕ್ಕೂ ಮುಂಚೆಯೇ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದವರು.

---

ರಾಯಚೂರು ಬಿಸಿಲು:

ಶಾಖೆ ಹೆಂಗಸರದ್ದು ಸರಿ ಅಣ್ಣ, ಹೆಡ್ ಆಫೀಸ್ ಯಾರದ್ದು?

---

ಹಳೇ ಲೆಡ್ಜರ್:

ಅಲ್ಲಿ ನಿಮ್ಮ ಮಾತು ಸರಿ. ಆದರೂ ಒಂದು ಹೇಳುತ್ತೇನೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿಗೆ ಮೊದಲ ಮಹಿಳಾ ಎಂ.ಡಿ. ಬಂದದ್ದು 2019ರಲ್ಲಿ, ಪಿ.ವಿ. ಭಾರತಿ. ಕೊನೆಯ ಎಂ.ಡಿ.ಯೂ ಅವರೇ. 2020ರ ಏಪ್ರಿಲ್ 1ಕ್ಕೆ ಬ್ಯಾಂಕೇ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಯಿತು. ಮನೆ ಖಾಲಿ ಮಾಡುವ ಹೊತ್ತಿಗೆ ಬೀಗದ ಕೈ ಕೊಟ್ಟ ಹಾಗೆ.

---

ಮೆರಿಟ್ ಮಾತ್ರ:

ಎಲ್ಲದಕ್ಕೂ ಲಿಂಗ ತರಬೇಡಿ. ಪರೀಕ್ಷೆ ಒಂದೇ, ಸಂಬಳ ಒಂದೇ, ಪ್ರೊಮೋಷನ್ ಪಾಲಿಸಿ ಒಂದೇ. ಅವರೇ "ಬೇಡ" ಎಂದು ಬರೆದುಕೊಟ್ಟರೆ ಬ್ಯಾಂಕ್ ಏನು ಮಾಡಬೇಕು? ಎತ್ತಿಕೊಂಡು ಹೋಗಿ ಕೂರಿಸಬೇಕಾ? ನಾನು ಒಡಿಶಾಗೆ ಹೋಗಿ ಬಂದೆ, ಮೂರು ವರ್ಷ ಮಕ್ಕಳ ಮುಖ ವಿಡಿಯೋ ಕಾಲಲ್ಲಿ ನೋಡಿದೆ. ನನಗೂ ಕಷ್ಟ ಆಗಿದೆ.

---

ಸ್ಕೇಲ್ ಮೂರು:

ಕಷ್ಟ ಆಗಿದೆ, ಒಪ್ಪುತ್ತೇನೆ. ಆ ಮೂರು ವರ್ಷ ಮಕ್ಕಳ ಜೊತೆ ಯಾರಿದ್ದರು ಎಂದು ಮಾತ್ರ ನೀವು ಬರೆಯಲಿಲ್ಲ.

ಪಾಲಿಸಿ ಒಂದೇ ಎಂದಿರಿ. ಲೆಕ್ಕ ಹಾಕೋಣ ಬನ್ನಿ. 24ಕ್ಕೆ ಸ್ಕೇಲ್ 1ರಲ್ಲಿ ಸೇರಿದಿರಿ. ಜನರಲ್ ಮ್ಯಾನೇಜರ್ ಎಂದರೆ ಸ್ಕೇಲ್ 7, ಆರು ಮೆಟ್ಟಿಲು. ಒಂದೊಂದಕ್ಕೆ ಸುಮಾರು 4 ವರ್ಷ ಎಂದರೂ, ಒಂದು ಸಲವೂ ಫೇಲ್ ಆಗದೆ ಹೋದರೆ 48 ವಯಸ್ಸು. ಆಮೇಲೆ ಈಗ ಚೀಫ್ ಜನರಲ್ ಮ್ಯಾನೇಜರ್ ಎಂಬ ಇನ್ನೊಂದು ಮೆಟ್ಟಿಲು. ಅದಾದ ಮೇಲೆ ಇಡಿ (ಎಕ್ಸಿಕ್ಯುಟಿವ್ ಡೈರೆಕ್ಟರ್), ಆಮೇಲೆ ಎಂ.ಡಿ. ನಿವೃತ್ತಿ 60ಕ್ಕೆ. ಮೇಲಿನ ಹುದ್ದೆಗೆ ಆರಿಸುವಾಗ ಎಷ್ಟು ವರ್ಷ ಸೇವೆ ಉಳಿದಿದೆ ಎಂದು ನೋಡಿಯೇ ನೋಡುತ್ತಾರೆ. ಈಗ ಒಬ್ಬಳು 36ರಲ್ಲಿ "ಮಗು ಸ್ವಲ್ಪ ದೊಡ್ಡದಾಗಲಿ" ಎಂದು ಆರು ವರ್ಷ ತಡೆದಳು ಎಂದುಕೊಳ್ಳಿ. ಜಿ.ಎಂ. ಆಗುವಾಗ 54. ಅವಳ ಆಟ ಅಲ್ಲಿಗೇ ಮುಗಿಯಿತು. ಯಾರೂ ಅವಳನ್ನು ತಡೆಯಲಿಲ್ಲ, ಯಾರೂ ಅವಮಾನ ಮಾಡಲಿಲ್ಲ, ಫೈಲಿನಲ್ಲಿ ಒಂದೇ ಒಂದು ಕೆಟ್ಟ ರಿಮಾರ್ಕ್ ಇಲ್ಲ. ಕ್ಯಾಲೆಂಡರೇ ಅವಳನ್ನು ಹೊರಗಿಟ್ಟಿತು. ಪಾಲಿಸಿ ಎಲ್ಲರಿಗೂ ಒಂದೇ ಇರಬಹುದು, ಆದರೆ ಅದನ್ನು ಬರೆದವರ ತಲೆಯಲ್ಲಿ ಇದ್ದ ಆಫೀಸರ್‌ಗೆ ಮನೆಯಲ್ಲಿ ಹೆಂಡತಿ ಇದ್ದಳು.

---

ಜಯನಗರ ಬ್ಲಾಕ್:

ನಾನು ಬ್ಯಾಂಕಿನವನಲ್ಲ, ಬ್ಯಾಂಕಿನವಳ ಗಂಡ. ಐಟಿ ಕೆಲಸ. ನನ್ನ ಹೆಂಡತಿಗೆ ಪ್ರೊಮೋಷನ್ ಬಂದು ಬೇರೆ ರಾಜ್ಯಕ್ಕೆ ಹಾಕಿದಾಗ ನಾವು "ಸರಿ ಹೋಗು" ಎಂದು ತೀರ್ಮಾನಿಸಿದೆವು, ಮಗ ನನ್ನ ಜೊತೆ ಉಳಿದ. ಕಷ್ಟ ಎನಿಸಿದ್ದು ಅಡುಗೆ, ಹೋಂವರ್ಕ್ ಅಲ್ಲ, ಯೂಟ್ಯೂಬ್ ಇದೆ, ಆಗುತ್ತದೆ. ಕಷ್ಟ ಎನಿಸಿದ್ದು ಜನ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ "ಏನ್ ಸಾರ್, ಮೇಡಂ ಕಾಣ್ತಿಲ್ಲ, ಎಲ್ಲಾ ಸರಿ ಇದೆ ತಾನೇ?" ಸ್ಕೂಲಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ನನ್ನ ಎದುರು ಕೂತೇ "ತಾಯಿಗೆ ಒಂದು ಫೋನ್ ಮಾಡಿ ಹೇಳ್ತೀನಿ" ಎನ್ನುವುದು. ನಮ್ಮಮ್ಮನಂತೂ ಸೊಸೆ ಜೊತೆ ಎರಡು ತಿಂಗಳು ಮಾತು ಬಿಟ್ಟರು. ಅದೇ ನಾನು ಅಮೆರಿಕಾಕ್ಕೆ ಒಂದು ವರ್ಷ ಆನ್‌ಸೈಟ್ ಹೋಗಿದ್ದಾಗ ಏರ್‌ಪೋರ್ಟಿಗೆ ಹೂವಿನ ಹಾರ ತಂದಿದ್ದರು.

ಸರ್ಕಾರ 2014ರಲ್ಲೇ ಹೇಳಿದೆ, ಮದುವೆ ಆದವರನ್ನು ಗಂಡ ಇರುವ ಊರಿಗೆ, ಆಗದವರನ್ನು ಅಪ್ಪ ಅಮ್ಮ ಇರುವ ಊರಿಗೆ ಆದಷ್ಟು ಹಾಕಿ ಎಂದು. 2024ರ ನವೆಂಬರಿನಲ್ಲಿ ಮತ್ತೆ ವರ್ಗಾವಣೆ ಬಗ್ಗೆ ಇಂಥದ್ದೇ ಸಲಹೆ ಬಂತು. ನನಗೆ ಅನಿಸುವುದು, ಇದು ಒಳ್ಳೆಯದೇ, ಆದರೆ ಇದರಿಂದ ಹೆಂಗಸರು ಊರಿಗೆ ಹತ್ತಿರ ಬರುತ್ತಾರೆ, ಕುರ್ಚಿಗೆ ಹತ್ತಿರ ಬರುವುದಿಲ್ಲ.

---

ಹಳೇ ಲೆಡ್ಜರ್:

ವಿಲೀನದಿಂದ ಆದ ಹೊಡೆತ ಯಾರೂ ಹೇಳಲಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಶಾಖೆಗಳು ಬಹುಪಾಲು ಕರ್ನಾಟಕದಲ್ಲೇ ಇದ್ದವು. ಚೀಫ್ ಮ್ಯಾನೇಜರ್ ಆಗಲಿ, ಎಜಿಎಂ (ಅಸಿಸ್ಟೆಂಟ್ ಜನರಲ್ ಮ್ಯಾನೇಜರ್) ಆಗಲಿ, ಮೈಸೂರೋ ದಾವಣಗೆರೆಯೋ ಕಲಬುರಗಿಯೋ, ಶನಿವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮನೆ. 2017ರ ಏಪ್ರಿಲ್ 1ಕ್ಕೆ ಅದು ಎಸ್‌ಬಿಐ ಸೇರಿತು. ಅದೇ ದಿನ ಭಾರತೀಯ ಮಹಿಳಾ ಬ್ಯಾಂಕೂ ಸೇರಿತು, ಹುಟ್ಟಿ ನಾಲ್ಕು ವರ್ಷ ತುಂಬಿರಲಿಲ್ಲ. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು 2020ಕ್ಕೆ 12 ಆದವು. ಎಂ.ಡಿ. ಕುರ್ಚಿ ಅರ್ಧಕ್ಕೂ ಕಡಿಮೆ, ವರ್ಗಾವಣೆಯ ನಕ್ಷೆ ಮಾತ್ರ ಇನ್ನೂ ದೊಡ್ಡದು. ಇದರಲ್ಲಿ ಯಾರು ಮೊದಲು ಹಿಂದೆ ಸರಿಯುತ್ತಾರೆ ಹೇಳಿ?

---

ಕ್ರೆಡಿಟ್ ಕಣ್ಣಮ್ಮ:

ಎಲ್ಲರೂ ವರ್ಗಾವಣೆ ಹಿಂದೆ ಬಿದ್ದಿದ್ದೀರಿ. ನಾನು ಬೇರೆ ವಿಷಯ ಹೇಳುತ್ತೇನೆ. ಎಲ್ಲಿಗೆ ಹಾಕುತ್ತಾರೆ ಎನ್ನುವುದಕ್ಕಿಂತ ಯಾವ ಟೇಬಲ್ಲಿಗೆ ಹಾಕುತ್ತಾರೆ ಎಂಬುದು ಮುಖ್ಯ.

ನಾನು ದೊಡ್ಡ ಸಾಲಗಳ ವಿಭಾಗದಲ್ಲಿ ಇದ್ದೇನೆ, ಕಾರ್ಪೊರೇಟ್ ಕ್ರೆಡಿಟ್. ಇಲ್ಲಿಗೆ ಬರಲು ಬಹಳ ಜಗಳ ಆಡಬೇಕಾಯಿತು. ಹೆಂಗಸು ಎಂದ ಕೂಡಲೇ ಎಚ್‌ಆರ್, ಪಿಂಚಣಿ ಸೆಲ್, ಗ್ರಾಹಕರ ದೂರು ವಿಭಾಗ, ಅಥವಾ ರಿಟೇಲ್ ಹೋಂ ಲೋನ್. "ಮೇಡಂ, ಆರಾಮಾಗಿ ಆರು ಗಂಟೆಗೆ ಮನೆಗೆ ಹೋಗಬಹುದು" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಅದೇ ಪ್ರೀತಿ ಹತ್ತು ವರ್ಷ ಆದಮೇಲೆ ಇಂಟರ್‌ವ್ಯೂನಲ್ಲಿ ಪ್ರಶ್ನೆಯಾಗಿ ಬರುತ್ತದೆ: "ನಿಮಗೆ ಕನ್ಸಾರ್ಟಿಯಂ ಲೆಂಡಿಂಗ್ ಅನುಭವ ಎಷ್ಟಿದೆ? ಟ್ರೆಷರಿ ಮಾಡಿದ್ದೀರಾ? ಫಾರೆಕ್ಸ್?" ಎಲ್ಲಿಂದ ಬರಬೇಕು?

ನನ್ನ ಒಂದು ಪ್ರೊಮೋಷನ್ ಇಂಟರ್‌ವ್ಯೂ ಹೇಳುತ್ತೇನೆ, ಬ್ಯಾಂಕಿನ ಹೆಸರು ಬೇಡ. ಪ್ಯಾನೆಲ್ಲಿನಲ್ಲಿ ನಾಲ್ಕು ಜನ ಗಂಡಸರು. ಒಂದು ಸಕ್ಕರೆ ಕಾರ್ಖಾನೆಯ ಖಾತೆ ಬಗ್ಗೆ ಕೇಳಿದರು, ದಾಸ್ತಾನಿನ ಮೇಲೆ ಡ್ರಾಯಿಂಗ್ ಪವರ್ (ಎಷ್ಟು ಸಾಲ ತೆಗೆಯಬಹುದು ಎಂಬ ಮಿತಿ) ಹೇಗೆ ಹಾಕಿದಿರಿ, ರೈತರಿಗೆ ಕೊಡಬೇಕಾದ ಬಾಕಿ ಕಳೆದಿರೋ ಇಲ್ಲವೋ ಎಂದು. ಚೆನ್ನಾಗಿಯೇ ಹೇಳಿದೆ, ಅವರಿಗೂ ಖುಷಿ ಆಯಿತು. ಆಮೇಲೆ ನಡುವಿನಲ್ಲಿ ಕೂತಿದ್ದವರು ಫೈಲ್ ಮುಚ್ಚಿ, ಕನ್ನಡಕ ತೆಗೆದು, "ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?" ನನ್ನ ನಂತರ ಹೋದ ಸಹೋದ್ಯೋಗಿಗೆ ಅವಳಿ ಮಕ್ಕಳು, ಎರಡು ವರ್ಷದವು. ಅವನಿಗೆ ಆ ಪ್ರಶ್ನೆ ಬರಲಿಲ್ಲ.

ಮತ್ತೆ ಸ್ಟಾಫ್ ಅಕೌಂಟಬಿಲಿಟಿ ಭಯ. ಸಾಲ ಕೆಟ್ಟರೆ ಸಹಿ ಹಾಕಿದವರ ಕುತ್ತಿಗೆಗೆ. ಗಂಡಸರಿಗೆ ಆ ಸಮಯದಲ್ಲಿ ಬೆನ್ನಿಗೆ ನಿಲ್ಲುವ ಬ್ಯಾಚ್‌ಮೇಟ್, ಹಳೇ ಬಾಸು, ಸಂಜೆ ಒಟ್ಟಿಗೆ ಕೂರುವ ಗುಂಪು ಇರುತ್ತದೆ. ಜೋನಲ್ ಆಫೀಸಿನ ನಿಜವಾದ ಮೀಟಿಂಗ್ ಎಂಟು ಗಂಟೆ ಮೇಲೆ ಬೇರೆ ಕಡೆ ನಡೆಯುತ್ತದೆ, ನಿಮಗೆಲ್ಲ ಗೊತ್ತಿರುವುದೇ. ಮಾರನೇ ದಿನ ಬೆಳಿಗ್ಗೆ ನಾವು ಹೋದಾಗ ತೀರ್ಮಾನ ಆಗಿರುತ್ತದೆ.

---

ಮೆರಿಟ್ ಮಾತ್ರ:

ಎಂಟು ಗಂಟೆ ಮೀಟಿಂಗಿಗೆ ನನ್ನನ್ನೂ ಕರೆಯಲ್ಲ ಮೇಡಂ. ನಾನು ಕುಡಿಯಲ್ಲ.

---

ಕ್ರೆಡಿಟ್ ಕಣ್ಣಮ್ಮ:

ಹಾಗಾದರೆ ನೀವು ನಮ್ಮ ಕಡೆ ಬನ್ನಿ 😄

---

ಸುರತ್ಕಲ್ ಎಕ್ಸ್‌ಪ್ರೆಸ್:

ಖಾಸಗಿ ಬ್ಯಾಂಕ್ ಕಥೆಯೂ ಇರಲಿ. ಐಸಿಐಸಿಐನಿಂದ ಒಂದು ಕಾಲದಲ್ಲಿ ಅಷ್ಟು ಹೆಂಗಸರು ಮೇಲೆ ಬಂದದ್ದು ಹೇಗೆ? ಲಲಿತಾ ಗುಪ್ತೆ, ಕಲ್ಪನಾ ಮೊರ್ಪಾರಿಯಾ, ಶಿಖಾ ಶರ್ಮಾ, ಚಂದಾ ಕೊಚ್ಚರ್, ರೇಣುಕಾ ರಾಮನಾಥ್, ಮಾಧಬಿ ಪುರಿ ಬುಚ್. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಮೊದಲು ಎನ್. ವಘುಲ್, ಆಮೇಲೆ ನಮ್ಮ ಮಂಗಳೂರು ಕಡೆಯ ಕೆ.ವಿ. ಕಾಮತ್ (ಸುರತ್ಕಲ್ ಕೆಆರ್‌ಇಸಿ, ಅಂದರೆ ಈಗಿನ ಎನ್‌ಐಟಿಕೆ ವಿದ್ಯಾರ್ಥಿ, ನಮ್ಮ ಸೀನಿಯರ್, ಅದಕ್ಕೇ ಈ ಅಭಿಮಾನ). ಅಲ್ಲಿ ನಲವತ್ತರ ಆಸುಪಾಸಿನವರಿಗೆ ಇಡೀ ಒಂದು ಹೊಸ ವ್ಯವಹಾರವನ್ನೇ ಕೈಗೆ ಕೊಟ್ಟು "ಕಟ್ಟು" ಎನ್ನುತ್ತಿದ್ದರು. ಶಿಖಾ ಶರ್ಮಾಗೆ ಸಿಕ್ಕಿದ್ದು ಲೈಫ್ ಇನ್ಶೂರೆನ್ಸ್ ಕಂಪನಿ, ಚಂದಾಗೆ ರಿಟೇಲ್. ಯಾವುದೂ ಎಚ್‌ಆರ್ ಟೇಬಲ್ ಅಲ್ಲ. 2009ರಲ್ಲಿ ಇಳಿಯಲಿದ್ದ ಕಾಮತ್ ನಂತರ ಯಾರು ಎಂಬ ಪ್ರಶ್ನೆ ಬಂದಾಗ ಹೆಸರು ಕೇಳಿಬಂದವರಲ್ಲಿ ಈ ಇಬ್ಬರೂ ಇದ್ದರು. ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರು ಆಕ್ಸಿಸ್ ಬ್ಯಾಂಕಿಗೆ ಎಂ.ಡಿ. ಆಗಿ ಹೋದರು.

ಆದರೆ ಅದು ಒಂದು ಸಂಸ್ಥೆಯ ಒಂದು ಕಾಲ. 2018ರಲ್ಲಿ ಇಬ್ಬರೂ ಇಳಿದರು, ಎರಡೂ ಕಡೆ ಬಂದವರು ಗಂಡಸರು. ಎಚ್‌ಡಿಎಫ್‌ಸಿ ಬ್ಯಾಂಕಿಗೆ ಇದುವರೆಗೆ ಒಬ್ಬ ಮಹಿಳಾ ಎಂ.ಡಿ.ಯೂ ಬಂದಿಲ್ಲ. ಬೋರ್ಡಿನಲ್ಲಿ ಒಬ್ಬರಾದರೂ ಮಹಿಳೆ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ಅದಕ್ಕೆ ಒಬ್ಬರು ನಿವೃತ್ತ ಅಧಿಕಾರಿಯನ್ನೋ ಪ್ರೊಫೆಸರನ್ನೋ ತಂದು ಕೂರಿಸಿದರೆ ಕಾನೂನು ಮುಗಿಯಿತು. ದಿನಾ ಸಾಲ ಮಂಜೂರು ಮಾಡುವವರು ಯಾರು ಎಂದು ಯಾವ ಕಾನೂನೂ ಕೇಳುವುದಿಲ್ಲ.

---

ರಾಯಚೂರು ಬಿಸಿಲು:

ಚಂದಾ ಕೊಚ್ಚರ್ ಹೆಸರು ತೆಗೆದಿರಲ್ಲ, ಅದಕ್ಕೇ ಹೇಳುತ್ತೇನೆ. ಗಂಡನಿಗೆ ಲಾಭವಾಗಲೆಂದು ವಿಡಿಯೋಕಾನ್ ಕಂಪನಿಗೆ ಸಾಲ ಕೊಟ್ಟರು ಎಂಬ ಆರೋಪ ಬಂದಾಗ ನಮ್ಮ ಆಫೀಸಿನಲ್ಲಿ ಕೇಳಿದ ಮಾತು: "ಹೆಂಗಸರ ಕೈಗೆ ಕೊಟ್ಟರೆ ಹೀಗೇ, ಗಂಡ ಹೇಳಿದ್ದಕ್ಕೆ ಸಹಿ." ಯೆಸ್ ಬ್ಯಾಂಕಿನ ಮುಖ್ಯಸ್ಥರಾಗಿದ್ದ ರಾಣಾ ಕಪೂರ್ 2020ರಲ್ಲಿ ಅರೆಸ್ಟ್ ಆದಾಗ ಅದೇ ಆಫೀಸಿನಲ್ಲಿ ಒಬ್ಬರೂ "ಗಂಡಸರ ಕೈಗೆ ಬ್ಯಾಂಕ್ ಕೊಡಬಾರದು" ಎನ್ನಲಿಲ್ಲ. ಅವನು ಬರೀ ರಾಣಾ ಕಪೂರ್. ಅವಳು ಮಾತ್ರ ಎಲ್ಲಾ ಹೆಂಗಸರು. ತನಿಖೆ ಆಗಲಿ, ಕೋರ್ಟ್ ನೋಡಿಕೊಳ್ಳಲಿ, ಆದರೆ ಈ ತಕ್ಕಡಿ ಯಾಕೆ ಬೇರೆ ಬೇರೆ?

---

ಮೆರಿಟ್ ಮಾತ್ರ:

ಇದೊಂದು ಮಾತು ಒಪ್ಪುವಂಥದ್ದು.

---

ಸಂಘದ ಸರೋಜಕ್ಕ:

ನಾನು ಸ್ವಸಹಾಯ ಸಂಘದವಳು, ಬ್ಯಾಂಕಿನ ಈಚೆ ಕಡೆ ನಿಂತು ನೋಡುವವಳು. ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು ಮಾಡಿದ ಮೇಲೆ ಹಳ್ಳಿ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು. ಸಾಲ ತೀರಿಸುವುದರಲ್ಲಿ ನಾವು ಪಕ್ಕಾ ಎಂದು ಎಲ್ಲಾ ಮ್ಯಾನೇಜರೂ ಭಾಷಣದಲ್ಲಿ ಹೊಗಳುತ್ತಾರೆ. ನಮ್ಮ ಶಾಖೆಗೆ ಒಮ್ಮೆ ಲೇಡಿ ಮ್ಯಾನೇಜರ್ ಬಂದಿದ್ದರು. ವಸೂಲಿಗೆ ತಾವೇ ಸ್ಕೂಟರಿನಲ್ಲಿ ಬರುತ್ತಿದ್ದರು, ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದು, ಸಾಲ ಕಟ್ಟದ ಗಂಡಸರನ್ನು ಹೆಂಡತಿಯ ಎದುರಲ್ಲೇ ಬೈಯುತ್ತಿದ್ದರು. ಬಾಕಿ ಬಂತು! ಎರಡೇ ವರ್ಷಕ್ಕೆ ಹೋದರು. ಮೇಲೆ ಹೋದರೋ ಪಕ್ಕಕ್ಕೆ ಹೋದರೋ ಗೊತ್ತಿಲ್ಲ.

---

ಟೋಕನ್ ನಂಬರ್:

ಆರ್‌ಬಿಐ ಯಾಕೆ ಬಿಟ್ಟಿರಿ? ಇವತ್ತಿನವರೆಗೆ ಒಬ್ಬ ಮಹಿಳಾ ಗವರ್ನರ್ ಇಲ್ಲ. ಡೆಪ್ಯುಟಿ ಗವರ್ನರ್ ಆಗಿ ಮೊದಲು ಕೆ.ಜೆ. ಉದೇಶಿ 2003ರಲ್ಲಿ, ಆಮೇಲೆ ಶ್ಯಾಮಲಾ ಗೋಪಿನಾಥ್, ಉಷಾ ಥೋರಟ್. 2011ರಲ್ಲಿ ಗೋಪಿನಾಥ್ ನಿವೃತ್ತರಾದ ಮೇಲೆ 2025ರಲ್ಲಿ ಪೂನಂ ಗುಪ್ತಾ ಬರುವವರೆಗೆ ಆ ಸಾಲಿನಲ್ಲಿ ಹೆಂಗಸರೇ ಇಲ್ಲ. ಮೊದಲಿನ ಮೂವರೂ ಆರ್‌ಬಿಐ ಒಳಗಿಂದಲೇ ಮೇಲೆ ಬಂದವರು, ಪೂನಂ ಹೊರಗಿನ ಅರ್ಥಶಾಸ್ತ್ರಜ್ಞೆ. ಅಲೆ ಬಂತು, ಹೋಯಿತು ಎನ್ನುವುದು ಅಲ್ಲೂ ಅದೇ ಕಥೆ.

---

ಸ್ಕೇಲ್ ಮೂರು:

ಹಳೇ ಲೆಡ್ಜರ್ ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅರ್ಚನಾ ಭಾರ್ಗವ, ಪಿ.ವಿ. ಭಾರತಿ, ಮಣಿಮೇಖಲೈ, ಮೂವರೂ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೆನರಾ ಬ್ಯಾಂಕಿನ ಇಡಿ ಆಗಿದ್ದು ಅಲ್ಲಿಂದ ಬೇರೆ ಬ್ಯಾಂಕಿಗೆ ಮುಖ್ಯಸ್ಥರಾಗಿ ಹೋದವರು. (ಇಡಿಗಳನ್ನು ಬೇರೆ ಬ್ಯಾಂಕಿಗೆ ಹಾಕುವುದು ಸರ್ಕಾರದ ರೂಢಿ, ಅದರಲ್ಲಿ ವಿಶೇಷ ಇಲ್ಲ.) ಮಣಿಮೇಖಲೈ 1988ರಲ್ಲಿ ಸೇರಿದ್ದು ನಮ್ಮ ವಿಜಯಾ ಬ್ಯಾಂಕಿಗೆ. ಇಡಿ ಮಟ್ಟಕ್ಕೆ ಬಂದ ಹೆಂಗಸರು ಮುಂದೆ ಹೋಗಿದ್ದಾರೆ, ಅದಕ್ಕೇ ನಾನು ಮೇಲಿನ ಬಾಗಿಲಿಗಿಂತ ಸ್ಕೇಲ್ 3-4ರ ಬಾಗಿಲನ್ನು ಬೈಯುವುದು.

ಏನು ಮಾಡಬಹುದು? ಅರುಂಧತಿ ಕಾಲದಲ್ಲಿ ಎಸ್‌ಬಿಐ ಹೆಂಗಸರಿಗೆ ಮಕ್ಕಳು, ಹಿರಿಯರ ಆರೈಕೆಗೆ ಎರಡು ವರ್ಷದ ರಜೆ ತಂದಿತು. ಐಸಿಐಸಿಐ 2016ರಲ್ಲಿ ಒಂದು ವರ್ಷ ಮನೆಯಿಂದ ಕೆಲಸ, ಚಿಕ್ಕ ಮಗು ಇದ್ದರೆ ಟೂರಿಗೆ ಮಗುವಿನ ಖರ್ಚೂ ಕೊಡುತ್ತೇವೆ ಎಂದಿತು. ನನಗೆ ಆ ಎರಡನೆಯದು ಇಷ್ಟ. ರಜೆ ಕೊಟ್ಟರೆ ನಾವು ಮನೆಯಲ್ಲಿ ಉಳಿಯುತ್ತೇವೆ, ಟೂರಿಗೆ ಮಗು ಕರೆದುಕೊಂಡು ಹೋಗಲು ಕೊಟ್ಟರೆ ಕೆಲಸದಲ್ಲಿ ಉಳಿಯುತ್ತೇವೆ. ಇನ್ನೊಂದು, ಪ್ರೊಮೋಷನ್ ಬೇಡ ಎಂದವರನ್ನು ಕೆಲವು ಕಡೆ ಮುಂದಿನ ಸುತ್ತುಗಳಿಗೂ ಕೂರಿಸುವುದಿಲ್ಲ. ಒಂದು ವರ್ಷದ ತೊಂದರೆಗೆ ಅಷ್ಟು ದೊಡ್ಡ ದಂಡ ಯಾಕೆ? ಅದನ್ನು ತೆಗೆಯಲು ದುಡ್ಡೂ ಬೇಡ.

---

ಹೊಸ ಪಿ.ಓ.:

ನಮಸ್ಕಾರ, ನಾನು ಸೇರಿ ಸ್ವಲ್ಪವೇ ಸಮಯ ಆಯಿತು. ಪ್ರೊಬೇಷನ್ ಮುಗಿಯುತ್ತಿದೆ. ನನ್ನನ್ನು ಎಚ್‌ಆರ್ ವಿಭಾಗಕ್ಕೆ ಹಾಕುತ್ತೇವೆ, ಬೆಂಗಳೂರಿನಲ್ಲೇ ಇರಬಹುದು ಎಂದಿದ್ದಾರೆ. ಅಮ್ಮನಿಗೆ ಖುಷಿ. ಇದನ್ನೆಲ್ಲ ಓದಿದ ಮೇಲೆ ತಲೆ ಕೆಟ್ಟಿದೆ. ಕ್ರೆಡಿಟ್ ಬೇಕು ಎಂದು ಕೇಳಬಹುದಾ? ಕೇಳಿದರೆ ದೂರ ಹಾಕಿಬಿಡುತ್ತಾರಾ?

---

ಕ್ರೆಡಿಟ್ ಕಣ್ಣಮ್ಮ:

ಹಾಕಬಹುದು. ಹೋಗು. ಈಗ ನಿನಗೆ ಬಿಟ್ಟು ಬರುವಂಥದ್ದು ಕಡಿಮೆ ಇದೆ, 38ರಲ್ಲಿ ಜಾಸ್ತಿ ಇರುತ್ತದೆ. ಗ್ರಾಮೀಣ ಶಾಖೆಯ ಸೇವೆ ಮುಂದೆ ಪ್ರೊಮೋಷನ್ನಿಗೆ ಹೇಗೂ ಬೇಕು, ಈಗಲೇ ಮುಗಿಸಿಕೋ. ಕೃಷಿ ಸಾಲ, ಸಣ್ಣ ಉದ್ಯಮದ ಸಾಲ ಇರುವ ಶಾಖೆ ಕೇಳು. ಬ್ಯಾಂಕಿನವರಿಗಿರುವ ಪರೀಕ್ಷೆಗಳು ಜೆಎಐಐಬಿ, ಸಿಎಐಐಬಿ ಎರಡೂ ಮುಗಿಸು, ಇನ್‌ಕ್ರಿಮೆಂಟೂ ಬರುತ್ತದೆ.

---

ಹಳೇ ಲೆಡ್ಜರ್:

ಬಾಯಿ ಮಾತಲ್ಲಿ ಕೇಳಬೇಡಮ್ಮ. ಬರೆದು ಕೊಡು. ಅರ್ಧ ಪುಟ ಸಾಕು, "ಮನೆ ಕಾರಣ" ಎಂಬ ಪದ ಎಲ್ಲೂ ಬರಬಾರದು. ಕ್ರೆಡಿಟ್‌ನಲ್ಲಿ ಕೆಲಸ ಕಲಿಯಲು ಆಸಕ್ತಿ ಇದೆ, ಗ್ರಾಮೀಣ ಅಥವಾ ಅರೆನಗರ ಶಾಖೆಗೆ ಹೋಗಲು ಸಿದ್ಧ ಎಂದು ಬರೆ. ಬ್ರಾಂಚ್ ಮ್ಯಾನೇಜರ್ ಮೂಲಕ ಕಳಿಸು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಮುಂದೆ ಯಾವತ್ತೋ "ನೀವು ಕೇಳಲೇ ಇಲ್ಲವಲ್ಲ" ಎಂದರೆ ತೋರಿಸಲು ಬೇಕಾಗುತ್ತದೆ.

---

ಹೊಸ ಪಿ.ಓ.:

ಕನ್ನಡದಲ್ಲಿ ಬರೆದರೆ ಆಗುತ್ತಾ ಸಾರ್?

---

ಹಳೇ ಲೆಡ್ಜರ್:

ನಿನ್ನ ಜೋನಲ್ ಮ್ಯಾನೇಜರ್ ಯಾವ ಊರಿನವರು ಎಂದು ಮೊದಲು ವಿಚಾರಿಸು.